ಕೆಳಗೆ ಹೋಟೆಲು, ಮೇಲೆ ಮನೆ: ಕಾಗದ ಯಾವುದಕ್ಕೆ ಉಂಟು?

ಘಟ್ಟ ಹತ್ತಿ ಹೋಗಿ ಹೋಟೆಲು, ಬೇಕರಿ, ಜ್ಯೂಸ್ ಅಂಗಡಿ ಇಟ್ಟು ಬದುಕು ಕಟ್ಟಿಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಮಡಿಕೇರಿ, ಹಾಸನ, ಚಿಕ್ಕಮಗಳೂರು ಹಳೆಯ ಮಾತಾಯಿತು. ಮೈಸೂರು ದಾಟಿ ಇನ್ನೂ ಮುಂದಕ್ಕೆ, ನಂಜನಗೂಡು, ಟಿ. ನರಸೀಪುರದ ಕಡೆಗೆ ಕಣ್ಣು ಹಾಕುವವರೂ ಇದ್ದಾರೆ. ಕಾರಣ ಕೇಳಬೇಕೆಂದಿಲ್ಲ, ರಸ್ತೆಯೇ ಹೇಳುತ್ತದೆ. ಕೋಝಿಕ್ಕೋಡ್‌ನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಟಿ. ನರಸೀಪುರದ ಮೂಲಕ ಕೊಳ್ಳೇಗಾಲಕ್ಕೆ ಹೋಗುತ್ತದೆ. ಒಂದು ಊರಲ್ಲಿ ಶ್ರೀಕಂಠೇಶ್ವರನ ದೇವಸ್ಥಾನ, ಕೈಗಾರಿಕಾ ಪ್ರದೇಶ, ರಸಬಾಳೆ. ಇನ್ನೊಂದರಲ್ಲಿ ಕಾವೇರಿ-ಕಪಿಲಾ ಸಂಗಮ, ಮೂರು ವರ್ಷಕ್ಕೊಮ್ಮೆ ಕುಂಭಮೇಳ, ಹತ್ತಿರದಲ್ಲೇ ತಲಕಾಡು. ಜನ ಬರುವ ಊರಿಗೆ ಚಹಾ ಬೇಕು, ಊಟ ಬೇಕು.

ಆದರೆ ಜನ ಬರುತ್ತಾರೆ ಎಂಬ ಒಂದೇ ಧೈರ್ಯದಲ್ಲಿ ಅಡ್ವಾನ್ಸ್ ಕೊಟ್ಟು ಅಂಗಡಿ ಹಿಡಿಯುವ ಕಾಲ ಮುಗಿದಿದೆ. ನಮ್ಮವರ ಮಾಮೂಲಿ ಲೆಕ್ಕ ಎಂತದ್ದು? ಕೆಳಗೆ ಹೋಟೆಲು, ಮೇಲೆ ಮನೆ. ಉಮ್ಮ ಮೇಲೆ ಪತ್ತಿರ್ ಹಿಟ್ಟು ನಾದುತ್ತಾರೆ, ಮಗ ಕೆಳಗೆ ಗಲ್ಲೆಯಲ್ಲಿ ಕೂರುತ್ತಾನೆ. ಬಾಡಿಗೆ ಒಂದೇ, ಕಾವಲೂ ಒಂದೇ. ಈ ಲೆಕ್ಕಕ್ಕೇ ಈಗ ಪೆಟ್ಟು ಬಿದ್ದಿರುವುದು. ಪೆಟ್ಟು ಬಂದದ್ದು ಮೈಸೂರಿನಿಂದಲ್ಲ, ಉತ್ತರ ಪ್ರದೇಶದ ಮೀರತ್‌ನಿಂದ.

ಮೀರತ್‌ನ ಶಾಸ್ತ್ರಿ ನಗರದಲ್ಲಿ ವಸತಿಗೆಂದು ಹಂಚಿಕೆಯಾಗಿದ್ದ ಒಂದು ನಿವೇಶನದಲ್ಲಿ ಮಳಿಗೆಗಳು ಎದ್ದಿದ್ದವು. ವ್ಯಾಜ್ಯ ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟ್ ತಲುಪಿತು. 2024ರ ಡಿಸೆಂಬರ್ 17ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ತೀರ್ಪು ಕೊಟ್ಟಿತು. ಆ ಕಟ್ಟಡ ತೆರವಾಗಬೇಕು ಎಂದದ್ದು ಮಾತ್ರವಲ್ಲ, ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನೂ ಕೊಟ್ಟಿತು. ಕಟ್ಟಡ ಮುಗಿದದ್ದಕ್ಕೆ ಅಥವಾ ವಾಸಕ್ಕೆ ಯೋಗ್ಯ ಎಂಬುದಕ್ಕೆ ಪ್ರಮಾಣಪತ್ರ, ನಾವು ಒಸಿ, ಸಿಸಿ ಎನ್ನುವ ಕಾಗದ, ತೋರಿಸಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ. ಅನಧಿಕೃತ ಕಟ್ಟಡದಲ್ಲಿ ಯಾವುದೇ ವ್ಯಾಪಾರಕ್ಕೆ ಯಾವ ಇಲಾಖೆಯೂ ಪರವಾನಗಿ ಕೊಡಬಾರದು, ಅದು ವಸತಿ ಕಟ್ಟಡವಾದರೂ ಸರಿ, ವಾಣಿಜ್ಯ ಕಟ್ಟಡವಾದರೂ ಸರಿ. ಬ್ಯಾಂಕುಗಳೂ ಆ ಕಾಗದ ನೋಡಿಯೇ ಸಾಲ ಕೊಡಬೇಕು. ಮೀರತ್‌ನ ಆ ಮಳಿಗೆ ಕಟ್ಟಡವನ್ನು 2025ರ ಅಕ್ಟೋಬರ್‌ನಲ್ಲಿ ಕೆಡವಿಯೂ ಆಯಿತು.

ನಮ್ಮ ರಾಜ್ಯದಲ್ಲಿ ಇದರ ಬಿಸಿ ಮೊದಲು ತಟ್ಟಿದ್ದು ಕರೆಂಟಿನಲ್ಲಿ. ಒಸಿ ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕವನ್ನು ವಿದ್ಯುತ್ ಕಂಪನಿಗಳು ತಡೆಹಿಡಿದವು. ಮೈಸೂರು ಭಾಗಕ್ಕೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಲ್ಲಿಯವರ ಬಾಯಲ್ಲಿ ಸೆಸ್ಕ್. ಮನೆ ಕಟ್ಟಿ ಬಣ್ಣ ಬಳಿದು ಕಾದು ಕುಳಿತವರ ಗೋಳು ರಾಜ್ಯದ ಉದ್ದಕ್ಕೂ ಕೇಳಿಬಂದಿತು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಂದು ವಿನಾಯಿತಿ ಕೊಟ್ಟಿತು. 1,200 ಚದರ ಅಡಿವರೆಗಿನ, ಅಂದರೆ 30-40ರ ನಿವೇಶನದಲ್ಲಿ ನೆಲಮಹಡಿ ಮತ್ತು ಅದರ ಮೇಲೆ ಎರಡು ಅಂತಸ್ತಿನ, ಇಲ್ಲವೇ ಸ್ಟಿಲ್ಟ್ ಮತ್ತು ಮೂರು ಅಂತಸ್ತಿನ ಮನೆಗೆ ಒಸಿ ಬೇಕಿಲ್ಲ.

ಇಲ್ಲಿ ಒಂದು ಪದವನ್ನು ನಮ್ಮವರು ಗಮನಿಸಬೇಕು. ವಿನಾಯಿತಿ ಕೊಟ್ಟಿರುವುದು ವಸತಿ ಕಟ್ಟಡಕ್ಕೆ. ಕೆಳಗೆ ತಂದೂರು ಉರಿಯುತ್ತಿದ್ದರೆ ಅದು ಬರೀ ವಸತಿ ಕಟ್ಟಡ ಹೇಗಾದೀತು? ಒಬ್ಬರು ನಂಜನಗೂಡಿನಲ್ಲಿ 30-40ರ ಸೈಟಿನಲ್ಲಿ ಮನೆಯೆಂದು ನಕ್ಷೆ ಮಂಜೂರು ಮಾಡಿಸಿ, ಕೆಳಗಿನ ಹಾಲ್‌ಗೆ ಶಟರ್ ಇಟ್ಟು ಬಾಡಿಗೆಗೆ ಬಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ನಾವು ಹೋಗಿ ಐದು ಲಕ್ಷ ಅಡ್ವಾನ್ಸ್ ಕೊಟ್ಟು, ಟೈಲ್ಸ್ ಹಾಕಿಸಿ, ಫ್ರೀಜರ್ ತಂದಿಟ್ಟೆವು. ಮಾಲೀಕರಿಗೆ ಮನೆಯ ಮೀಟರ್ ಉಂಟು, ನಮಗೆ ವಾಣಿಜ್ಯ ಮೀಟರ್ ಇಲ್ಲ. ಪರವಾನಗಿಗೆ ಅರ್ಜಿ ಹಾಕಿದಾಗ ಕಟ್ಟಡದ ನಕ್ಷೆ ಕೇಳುತ್ತಾರೆ. ಮಾಲೀಕರಿಗೆ ನಷ್ಟವಿಲ್ಲ, ಇನ್ನೊಬ್ಬ ಬಾಡಿಗೆದಾರ ಸಿಗುತ್ತಾನೆ. ಟೈಲ್ಸ್ ಕಿತ್ತುಕೊಂಡು ಬರಲಿಕ್ಕೆ ಆಗುತ್ತದಾ?

ಹಾಗಾಗಿ ಅಡ್ವಾನ್ಸಿನ ಮಾತಿಗೆ ಮುಂಚೆ ಕೇಳಬೇಕಾದ್ದು ಎರಡು ಕಾಗದ: ಮಂಜೂರಾದ ನಕ್ಷೆ ಮತ್ತು ಖಾತೆ. ನಕ್ಷೆಯಲ್ಲಿ ನೆಲಮಹಡಿ ವಾಣಿಜ್ಯ ಎಂದು ಇದೆಯಾ ನೋಡಿ. ಖಾತೆ ಎ ಅಥವಾ ಬಿ, ಯಾವುದು ನೋಡಿ. ಅನಧಿಕೃತ ಬಡಾವಣೆಗಳ ಆಸ್ತಿಗೆ ಬಿ ಖಾತೆ ಕೊಡುವ ಅಭಿಯಾನವನ್ನು ಸರ್ಕಾರ 2025ರ ಫೆಬ್ರುವರಿಯಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಶುರು ಮಾಡಿತು. ತೆರಿಗೆ ಕಟ್ಟಲಿಕ್ಕೆ, ಆಸ್ತಿ ನೋಂದಣಿಗೆ ಅದು ಉಪಯೋಗ. ಆದರೆ ಬಿ ಖಾತೆ ಸಿಕ್ಕಿತು ಎಂದರೆ ಕಟ್ಟಡ ಸಕ್ರಮವಾಯಿತು ಎಂದಲ್ಲ. ಬ್ರೋಕರ್‌ಗಳು ಇದನ್ನು ಬೇರೆ ರೀತಿ ಹೇಳುತ್ತಾರೆ, ಅದು ಅವರ ಹೊಟ್ಟೆಪಾಡು. ಅಕ್ರಮ-ಸಕ್ರಮ ಬರುತ್ತದೆ, ಎಲ್ಲ ಸರಿಯಾಗುತ್ತದೆ ಎಂದೂ ಹೇಳುತ್ತಾರೆ. ಆ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2017ರ ಜನವರಿಯಲ್ಲಿ.

ಇನ್ನು ಯಾವ ಬೀದಿಯಲ್ಲಿ ಹೋಟೆಲು ಇಡಬಹುದು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಇರುವುದು ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನ್‌ನಲ್ಲಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಇದನ್ನು ಮಾಡುತ್ತಾರೆ. ಮುಡಾ ತಯಾರಿಸಿದ 2031ರ ಮಹಾಯೋಜನೆಯ ಹೆಸರೇ ಮೈಸೂರು-ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದ್ದು. ಮುಡಾ ಎಂದಾಕ್ಷಣ ನಮಗೆಲ್ಲ ನೆನಪಾಗುವುದು ನಿವೇಶನ ಹಂಚಿಕೆಯ ಗಲಾಟೆ. ಆದರೆ ಒಂದು ಬೀದಿಗೆ ಹಳದಿ ಬಣ್ಣವಾ ನೀಲಿ ಬಣ್ಣವಾ ಎಂದು ತೀರ್ಮಾನಿಸುವುದೂ ಇಂಥ ಪ್ರಾಧಿಕಾರವೇ. ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ. ಹಳದಿ ವಲಯದಲ್ಲಿಯೂ ಸಣ್ಣ ಅಂಗಡಿಗೆ ಒಂದು ಅಳತೆಯವರೆಗೆ ಅವಕಾಶ ಉಂಟು. ದೊಡ್ಡ ಹೋಟೆಲಿಗೆ ರಸ್ತೆಯ ಅಗಲ, ವಾಹನ ನಿಲ್ಲಿಸುವ ಜಾಗ ಎಲ್ಲ ನೋಡುತ್ತಾರೆ. ಆಯಾ ಊರಿನ ವಲಯ ನಿಯಮಾವಳಿಯನ್ನು ಕಚೇರಿಯಲ್ಲಿ ಕೇಳಿ ನೋಡಬಹುದು, ಅದು ಗುಟ್ಟಿನ ಪುಸ್ತಕವಲ್ಲ.

ಬಣ್ಣ ಬದಲಾಯಿಸಲಿಕ್ಕೂ ದಾರಿ ಉಂಟು, ಅದೇ ಕಾಯ್ದೆಯ 14ಎ ಪ್ರಕರಣ. ಭೂಬಳಕೆ ಬದಲಾವಣೆಯ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ಪತ್ರಿಕೆಯಲ್ಲಿ ಇಂಥ ಜಾಹೀರಾತು ಎಷ್ಟು ಸಣ್ಣ ಅಕ್ಷರದಲ್ಲಿ ಬರುತ್ತದೆ ಎಂದರೆ ಮೀನಿನ ಪೊಟ್ಟಣ ಬಿಚ್ಚುವಾಗಲೂ ಯಾರೂ ಓದುವುದಿಲ್ಲ. ಪಕ್ಕದ ಸೈಟಿನವರು ಓದುತ್ತಾರೆ, ಆಕ್ಷೇಪಣೆ ಹಾಕುತ್ತಾರೆ. ಆಕ್ಷೇಪಣೆ ಬಂದರೆ ಹೆದರಬೇಕಾಗಿಲ್ಲ, ಉತ್ತರ ಲಿಖಿತವಾಗಿ ಕೊಡಬೇಕು.

ಊರ ಹೊರಗೆ, ಹೆದ್ದಾರಿ ಬದಿಯ ಜಮೀನಿಗೆ ಮತ್ತೊಂದು ತಾಪತ್ರಯ. ಗದ್ದೆಯಾಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಪರಿವರ್ತನೆ ಆಗಿರಬೇಕು. ಹೆದ್ದಾರಿಯಿಂದ ಹೋಟೆಲಿನ ಅಂಗಳಕ್ಕೆ ವಾಹನ ಇಳಿಸಲು ಹೆದ್ದಾರಿ ಇಲಾಖೆಯ ಅನುಮತಿ ಬೇರೆ ಬೇಕು. ಬಂಡೀಪುರದ ಗೇಟು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದರಿಂದ ಆ ಕಡೆಯ ರಾತ್ರಿ ವ್ಯಾಪಾರದ ಲೆಕ್ಕವನ್ನು ಹಾಸನ ರಸ್ತೆಯ ಲೆಕ್ಕದಂತೆ ಹಾಕಲಿಕ್ಕಾಗುವುದಿಲ್ಲ. ಹಾಗೆಯೇ ಮಳೆಗಾಲ. ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನ ಸ್ನಾನಘಟ್ಟ, ತಗ್ಗಿನ ಬೀದಿಗಳು ಮುಳುಗುತ್ತವೆ. 2019ರಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿದು ಮೈಸೂರು ರಸ್ತೆ ಬಂದ್ ಆಗಿತ್ತು. ಬೇಸಿಗೆಯಲ್ಲಿ ಜಾಗ ನೋಡಿ ಬಂದವರಿಗೆ ಇದು ಕಾಣುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅಕ್ಕಪಕ್ಕದವರಲ್ಲಿ ಕೇಳಬೇಕು.

ಪರವಾನಗಿ ವಿಷಯಕ್ಕೆ ಬಂದರೆ, ನಂಜನಗೂಡಿಗೆ ನಗರಸಭೆ, ಟಿ. ನರಸೀಪುರಕ್ಕೆ ಪುರಸಭೆ. ಊರ ಗಡಿ ದಾಟಿದರೆ ಗ್ರಾಮ ಪಂಚಾಯಿತಿ. ಉದ್ದಿಮೆ ಪರವಾನಗಿ ಆರ್ಥಿಕ ವರ್ಷದ ಲೆಕ್ಕದ್ದು, ಮಾರ್ಚ್ 31ಕ್ಕೆ ಮುಗಿಯುತ್ತದೆ. ಇದು ಬೇರೆ, ಆಹಾರ ಸುರಕ್ಷತೆಯದ್ದು ಬೇರೆ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ 2011ರಲ್ಲಿ ಬಂದ ನಿಯಮದ ಪ್ರಕಾರ ವಾರ್ಷಿಕ ವಹಿವಾಟು ಒಂದು ಮಿತಿಯೊಳಗೆ ಇದ್ದರೆ ನೋಂದಣಿ ಸಾಕು, ಅದನ್ನು ಮೀರಿದರೆ ಲೈಸೆನ್ಸ್ ಬೇಕು. ಗೋಡೆಯಲ್ಲಿ ಆಹಾರ ಸುರಕ್ಷತೆಯ ಕಾಗದ ನೇತುಹಾಕಿ, ನಗರಸಭೆಯ ಪರವಾನಗಿಯೂ ಅದೇ ಎಂದು ತಿಳಿದವರು ಎಷ್ಟೋ ಮಂದಿ.

ಮಾಂಸದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಆಹಾರ ಸುರಕ್ಷತಾ ನಿಯಮದ ನಾಲ್ಕನೇ ಅನುಸೂಚಿಯಲ್ಲಿ ಮಾಂಸದಂಗಡಿ ಮತ್ತು ಯಾವುದೇ ಪ್ರಾರ್ಥನಾ ಸ್ಥಳದ ನಡುವೆ ಕನಿಷ್ಠ 50 ಮೀಟರ್ ಇರಬೇಕು, ಪ್ರವೇಶದ್ವಾರದ ನೇರ ಎದುರಿಗಾದರೆ 100 ಮೀಟರ್ ಎಂದಿದೆ. ಯಾವ ಸಮುದಾಯದ ಪ್ರಾರ್ಥನಾ ಸ್ಥಳವಾದರೂ ಇದೇ ಲೆಕ್ಕ, ಮಸೀದಿಯ ಎದುರಿಗೂ ಅಷ್ಟೇ. ಇದು ಹಸಿ ಮಾಂಸ ಮಾರುವ ಅಂಗಡಿಗೆ ಹೇಳಿದ ಅಂತರ. ಬೇಯಿಸಿ ಬಡಿಸುವ ಹೋಟೆಲಿನ ಪರವಾನಗಿ ಬೇರೆ. ಕೌಂಟರಿನಲ್ಲಿ ಯಾರಾದರೂ ಈ ಅಂತರದ ಮಾತೆತ್ತಿದರೆ ಯಾವ ನಿಯಮ, ಯಾವ ಸಂಖ್ಯೆ ಎಂದು ಮರ್ಯಾದೆಯಿಂದ ಕೇಳಿ ಬರೆಸಿಕೊಳ್ಳಬೇಕು. ಹಾಗೆಂದು ರಥಬೀದಿಯಲ್ಲಿ ಹೋಗಿ ಬಿರಿಯಾನಿ ಹೋಟೆಲು ಇಡುವುದು ಜಾಣತನ ಎಂದು ನಾವು ಹೇಳುತ್ತಿಲ್ಲ. ಗಿರಾಕಿ ಯಾರು ಎಂಬುದು ವ್ಯಾಪಾರಿಗೆ ಗೊತ್ತಿರಬೇಕು. ಜಾತ್ರೆಗೆ ಬಂದವರಿಗೆ ಬೇಕಾದ್ದು ಚಹಾ, ಜ್ಯೂಸ್, ಬಾಳೆಹಣ್ಣು.

ದೇವಸ್ಥಾನದ ಮಳಿಗೆಗಳ ಮಾತು 2022ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಎಷ್ಟು ಬಿಸಿಯಾಯಿತು ಎಂದು ನಮಗೆ ಹೇಳಿಕೊಡಬೇಕಾಗಿಲ್ಲ. ಆಗ ಸರ್ಕಾರ ಸದನದಲ್ಲಿ ಮುಂದಿಟ್ಟದ್ದು ಧಾರ್ಮಿಕ ದತ್ತಿ ನಿಯಮಗಳಲ್ಲಿರುವ, 2002ರ 31(12)ನೇ ನಿಯಮವನ್ನು. ಅದು ದೇವಸ್ಥಾನದ ಆಸ್ತಿಯನ್ನು ಗುತ್ತಿಗೆ ಕೊಡುವ ವಿಷಯ. ನಗರಸಭೆಯ ಮಳಿಗೆಯ ಹರಾಜಿನಲ್ಲಿ ಧರ್ಮ ಕೇಳುವ ಹಾಗಿಲ್ಲ. ಹಾಗಾಗಿ ಮಳಿಗೆ ಯಾರದ್ದು, ದತ್ತಿ ಇಲಾಖೆಯದ್ದಾ ನಗರಸಭೆಯದ್ದಾ ಎಂದು ಮೊದಲೇ ತಿಳಿದುಕೊಂಡರೆ ಅವಮಾನವೂ ತಪ್ಪುತ್ತದೆ, ಹಣವೂ ಉಳಿಯುತ್ತದೆ. ಟಿಪ್ಪು ಕೊಟ್ಟದ್ದೆಂದು ಹೇಳುವ ಪಚ್ಚೆ ಲಿಂಗ ಇರುವ ಊರು ಅದು, ಹಕೀಂ ನಂಜುಂಡ ಎಂಬ ಹೆಸರು ಅಲ್ಲಿ ಈಗಲೂ ಉಂಟು.

ಒಂದು ವಿಷಯದಲ್ಲಿ ಮಾತ್ರ ಹೋಟೆಲಿನವರ ಪರ ವಾದಿಸಲಿಕ್ಕೆ ನಮಗೆ ಮನಸ್ಸಿಲ್ಲ, ಅದು ಕೊಳಚೆ ನೀರು. ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿ ಹರಿವು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದಿ ಪಟ್ಟಿಯಲ್ಲಿ ಸೇರಿದೆ. ಅದಕ್ಕೆ ಹೋಟೆಲುಗಳೊಂದೇ ಕಾರಣವಲ್ಲ. ಆದರೂ ಅಡುಗೆಮನೆಯ ಎಣ್ಣೆ ಜಿಡ್ಡು ಮೋರಿಗೆ ಬಿಟ್ಟರೆ ಅದು ಹೋಗುವುದು ಹೊಳೆಗೇ, ಆ ಹೊಳೆಯಲ್ಲಿ ಜನ ಮುಳುಗು ಹಾಕುತ್ತಾರೆ. ಜಿಡ್ಡು ತಡೆಯುವ ಗುಂಡಿ ಮಾಡಿಸುವ ಖರ್ಚು ದೊಡ್ಡದಲ್ಲ.

ಮನೆಯ ಮಾತು ಹೇಳದೆ ಮುಗಿಸಲಿಕ್ಕಾಗುವುದಿಲ್ಲ. ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ 10ರಿಂದ ಶೇ 15ಕ್ಕೆ ಏರಿಸಲು ರಾಜ್ಯ ಸಂಪುಟ 2025ರ ಜೂನ್‌ನಲ್ಲಿ ಒಪ್ಪಿತು. ಪತ್ರಿಕೆಗಳಲ್ಲಿ ವಾದ-ಪ್ರತಿವಾದ ಸಾಕಷ್ಟು ಬಂತು, ಅರ್ಜಿ ಹಾಕುವುದು ಹೇಗೆ ಎಂದು ಬರೆದವರು ಕಡಿಮೆ. ಪಟ್ಟಣಗಳಲ್ಲಿ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಹಳ್ಳಿಗಳಲ್ಲಿ ಗ್ರಾಮಸಭೆ. ಅಂದರೆ ಆ ಊರಿನ ಪಡಿತರ ಚೀಟಿ, ಮತದಾರರ ಚೀಟಿ ಇಲ್ಲದೆ ಹತ್ತು ವರ್ಷ ಬಾಡಿಗೆ ಮನೆಯಲ್ಲಿ ಕುಳಿತವರ ಹೆಸರು ಆ ಪಟ್ಟಿಗೆ ಹತ್ತುವುದು ಕಷ್ಟ. ನಮ್ಮವರ ಅಭ್ಯಾಸ ಗೊತ್ತಲ್ಲ: ದುಡಿಮೆ ಘಟ್ಟದ ಮೇಲೆ, ಚೀಟಿ ಊರಲ್ಲಿ.

ಕೇಂದ್ರದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಇನ್ನೊಂದು ಷರತ್ತು. ಕುಟುಂಬದ ಯಾರ ಹೆಸರಲ್ಲೂ ದೇಶದ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಬಂಟ್ವಾಳದಲ್ಲಿ ಮನೆ ಇಟ್ಟುಕೊಂಡು ನಂಜನಗೂಡಲ್ಲಿ ಅರ್ಜಿ ಹಾಕಿದರೆ ತಿರಸ್ಕೃತ. ಆದರೆ ಇಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಊರಿನ ಮನೆ ಬಾಪನ ಹೆಸರಲ್ಲಿ ಉಂಟು, ಮಗ ಮದುವೆಯಾಗಿ ಬೇರೆ ಸಂಸಾರ ಮಾಡಿದ್ದಾನೆ, ಅವನ ಹೆಸರಲ್ಲಾಗಲಿ ಹೆಂಡತಿಯ ಹೆಸರಲ್ಲಾಗಲಿ ಏನೂ ಇಲ್ಲ ಎಂದಾದರೆ ಅರ್ಜಿಗೆ ಅಡ್ಡಿಯಿಲ್ಲ.

ಉದ್ದಿಮೆ ಪರವಾನಗಿಗೆ ಅರ್ಜಿ ಕೊಟ್ಟವರು ಸಕಾಲ ಸಂಖ್ಯೆ ಕೇಳಿ ಪಡೆಯಬೇಕು. 2011ರ ಸಕಾಲ ಕಾಯ್ದೆಯಡಿ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಉಂಟು. ಹಣ ದೊಡ್ಡದಲ್ಲ, ಆದರೆ ಆ ಸಂಖ್ಯೆ ಇದ್ದರೆ ಅರ್ಜಿಯನ್ನು ಮೇಜಿನ ಕೆಳಗೆ ಇಡಲಿಕ್ಕೆ ಆಗುವುದಿಲ್ಲ, ನಿರಾಕರಿಸುವುದಾದರೆ ಕಾರಣ ಬರೆದು ಕೊಡಬೇಕಾಗುತ್ತದೆ. ಕಾರಣ ಕೈಗೆ ಸಿಕ್ಕರೆ ಮೇಲ್ಮನವಿಗೆ ಹೋಗಬಹುದು.