ಧಾಟಿ ಗಡಿ ದಾಟಿತು, ಅರ್ಥ ಅಲ್ಲೇ ಉಳಿಯಿತು

ಅಕ್ಕಲಕೋಟ: ಇಂಗ್ಲಿಷ್ ಹಾಡು ಎಂದರೆ ಪುಣೆ, ಮುಂಬಯಿ ಕಾಲೇಜು ಹುಡುಗರ ಹುಚ್ಚು, ಗಡಿ ಹಳ್ಳಿಯ ಅಕ್ಕಂದಿರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರೇ ಹೆಚ್ಚು. ಸಂಬಂಧ ಉಂಟು. ಈಗ 45-55ರ ವಯಸ್ಸಿನಲ್ಲಿರುವ ಹೆಣ್ಣುಮಕ್ಕಳು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ರೇಡಿಯೋ-ಟಿವಿಯಲ್ಲಿ ಹಿಂದಿ ಕೇಳುತ್ತ ಬೆಳೆದವರು. ಆ ಹಿಂದಿ ಹಾಡುಗಳ ಹೊಟ್ಟೆಯಲ್ಲೇ ಎಷ್ಟೋ ಪಾಶ್ಚಾತ್ಯ ಧಾಟಿಗಳು ಅಡಗಿ ಬಂದವು.

1989ರ 'ಮೈನೇ ಪ್ಯಾರ್ ಕಿಯಾ' ಚಿತ್ರದ 'ಆತೇ ಜಾತೇ' ಹಾಡನ್ನು ಗುನುಗದವರಿಲ್ಲ. ಅದರ ಧಾಟಿ ಅಮೆರಿಕದ ಸ್ಟೀವಿ ವಂಡರ್ 1984ರಲ್ಲಿ ಹಾಡಿದ 'ಐ ಜಸ್ಟ್ ಕಾಲ್ಡ್ ಟು ಸೇ ಐ ಲವ್ ಯೂ' ಹಾಡಿನದು. ಮೂಲದ ಹುರುಳು ಇಷ್ಟೇ: ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಯಾವ ಕೆಲಸವೂ ಇಲ್ಲ, ಪ್ರೀತಿಯ ಮಾತೊಂದನ್ನು ಹೇಳಲಿಕ್ಕೆಂದೇ ಫೋನು ಮಾಡುವುದು. 'ಕರೆಂಟ್ ಬಿಲ್ ತುಂಬಿದಿಯಾ' ಎಂದು ಕೇಳಲಷ್ಟೇ ಗಂಡನ ಫೋನು ಬರುವ ವಯಸ್ಸಿನಲ್ಲಿ ಇದು ಎಷ್ಟು ತಟ್ಟುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹಿಂದಿಗೆ ಬಂದಾಗ ಅದು ಹರೆಯದವರ ಒಲವಿನ ಆಟವಾಯಿತು.

ಸ್ವೀಡನ್ನಿನ 'ಅಬ್ಬಾ' ತಂಡದ 'ಮಮ್ಮಾ ಮಿಯಾ' (1975) ಕಥೆಯೂ ಹಾಗೆಯೇ. ಮೋಸ ಮಾಡಿದವನನ್ನು ಬಿಟ್ಟುಬಿಡಬೇಕೆಂದು ನಿರ್ಧರಿಸಿ, ಅವನನ್ನು ಕಂಡೊಡನೆ ಮತ್ತೆ ಸೋಲುವ ಹೆಣ್ಣಿನ ಹಾಡದು. ಆರ್.ಡಿ. ಬರ್ಮನ್ 1977ರ 'ಹಮ್ ಕಿಸೀಸೇ ಕಮ್ ನಹೀಂ' ಚಿತ್ರಕ್ಕೆ ಅದರ ಧಾಟಿ ತಂದರು. ಜೊತೆಗಾರ ಸಿಕ್ಕ ಸಂತೋಷದ ಹಾಡಾಯಿತು. ಅತ್ತ ಅದೇ ಹಾಡಿನ ಹೆಸರಿನಲ್ಲಿ 1999ರಲ್ಲಿ ಲಂಡನ್ನಿನಲ್ಲಿ ಸಂಗೀತ ನಾಟಕವೊಂದು ಬಂತು. ಅದರ ನಾಯಕಿ ಮದುವೆಗೆ ಬಂದ ಮಗಳಿರುವ ತಾಯಿ. 2008ರಲ್ಲಿ ಸಿನಿಮಾ ಆದಾಗ ಆ ಪಾತ್ರ ಮಾಡಿದ ಮೆರಿಲ್ ಸ್ಟ್ರೀಪ್ ಐವತ್ತು ದಾಟಿದ್ದರು.

ಹರೆಯದಲ್ಲಿ ಕೇಳಿದ ಹಾಡು ಕೊನೆತನಕ ನೆನಪಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. ಆದರೆ ಪಶ್ಚಿಮದಲ್ಲಿ ಇನ್ನೊಂದು ಬಗೆಯೂ ಇದೆ: ನಡುವಯಸ್ಸಿನವಳೇ ನಡುವಯಸ್ಸಿನ ಮಾತು ಹಾಡುವುದು. ಗಂಡನ ಹೊಡೆತ ತಾಳದೆ 1976ರಲ್ಲಿ ಮನೆ ಬಿಟ್ಟ ಟೀನಾ ಟರ್ನರ್, ಇದರಲ್ಲಿ ಪ್ರೀತಿಗೇನು ಕೆಲಸ ಎಂದು ಕೇಳುವ ಹಾಡಿನಿಂದ 1984ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿದಾಗ 44 ವರ್ಷದವರು. ಶೇರ್ 'ಬಿಲೀವ್' ಹಾಡಿದ್ದು 52ನೇ ವರ್ಷದಲ್ಲಿ, 1998ರಲ್ಲಿ. 'ಆತೇ ಜಾತೇ' ಹಾಡಿನ ಹೆಣ್ಣು ದನಿ ಲತಾ ಮಂಗೇಶಕರ್ ಅವರದು. ಆಗ ಅವರಿಗೆ 60. ಹಾಡಿದ್ದು ಮಾತ್ರ ಇಪ್ಪತ್ತರ ಹುಡುಗಿಗಾಗಿ! ಕಂಠ ಎಷ್ಟೇ ದೊಡ್ಡದಿದ್ದರೂ, ಅರವತ್ತರ ಹೆಣ್ಣು ತನ್ನ ಮಾತನ್ನೇ ಹಾಡಲು ಹಿಂದಿ ಸಿನಿಮಾ ಜಾಗ ಕೊಟ್ಟದ್ದು ಬಹಳ ಕಡಿಮೆ.

ಹಾಗಾದರೆ ಇಲ್ಲಿಯವರಿಗೆ ಅಂಥ ಹಾಡು ಇರಲೇ ಇಲ್ಲವೇ? ಇತ್ತು, ಬೀಸುಕಲ್ಲಿನ ಮುಂದೆ. ಮರಾಠಿಯಲ್ಲಿ ಓವಿ, ಕನ್ನಡದಲ್ಲಿ ತ್ರಿಪದಿ. ತವರಿನ ಹಂಬಲ, ಸವತಿಯ ಸಂಕಟ, ಗಂಡನ ಮೇಲಿನ ಸಿಟ್ಟು, ಮಗಳನ್ನು ಕಳಿಸುವ ದುಃಖ ಎಲ್ಲವೂ ಅಲ್ಲಿವೆ. ಧಾಟಿ ಎಲ್ಲರದು, ಮಾತು ಹಾಡುವವಳದು. ಭೀಮಾ ನದಿಯ ಆಚೆ, ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಊರೂರಿಗೆ ಹಿಟ್ಟಿನ ಗಿರಣಿ ಬಂತು; ಬೀಸುವ ಕೆಲಸ ತಪ್ಪಿತು, ರಟ್ಟೆ ನೋವೂ ತಪ್ಪಿತು. ಜೊತೆಗೆ ಹಾಡುವ ಹೊತ್ತೂ ಹೋಯಿತು.

ಮಹಾರಾಷ್ಟ್ರದ ಹಳ್ಳಿಗಳಿಂದ ಹೇಮಾ ರಾಯಿರಕರ್, ಫ್ರಾನ್ಸ್ ಮೂಲದ ಗೀ ಪೊಯಿತವಾ ಮತ್ತು ಅವರ ತಂಡ ಕೂಡಿಸಿದ ಓವಿಗಳು ಒಂದು ಲಕ್ಷಕ್ಕೂ ಹೆಚ್ಚು. 'ಪರಿ' ಜಾಲತಾಣ 2017ರಿಂದ ಅವುಗಳಲ್ಲಿ ಆಯ್ದವನ್ನು ಪ್ರಕಟಿಸತೊಡಗಿತು. ಎಷ್ಟೋ ಓವಿಗಳನ್ನು ಹಾಡಿದವರ ದನಿಯಲ್ಲೇ ಅಲ್ಲಿ ಕೇಳಬಹುದು.