ಮಂಬಲ್ ಅಂದರೆ ಮೂರ್ಖನಲ್ಲ

ಕಳೆದ ಟರ್ಮಿನ ವೈವಾದಲ್ಲಿ ಸರ್ ನನ್ನನ್ನು ಡಿಪ್ರಿಸಿಯೇಷನ್ ಬಗ್ಗೆ ಕೇಳಿದರು. ಉತ್ತರ ಗೊತ್ತಿತ್ತು, ಹೇಳತೊಡಗಿದೆ. ಅರ್ಧಕ್ಕೇ "ಡೋಂಟ್ ಮಂಬಲ್" ಅಂದುಬಿಟ್ಟರು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅದು 'ಅರ್ಥವಿಲ್ಲದ್ದು ಒದರಬೇಡ' ಅಂತ ಕೇಳಿಸಿತು. ನಾಚಿಕೆಯಿಂದ ಬಾಯಿ ಮುಚ್ಚಿದೆ, ಮಾರ್ಕೂ ಹೋಯಿತು. ರೂಮಿಗೆ ಬಂದು ಡಿಕ್ಷನರಿ ತೆರೆದಾಗ ತಿಳಿಯಿತು: ಅವರು ಬೈದದ್ದು ನನ್ನ ತುಟಿಗೆ, ತಲೆಗಲ್ಲ.

ಮಿತ್ರರೇ, ಈ ಜಾತಿಯ ಇಂಗ್ಲಿಷ್ ಶಬ್ದಗಳು ಬಹಳ ಇವೆ. ಎಲ್ಲವನ್ನೂ ನಾವು 'ತೊದಲು' ಎಂಬ ಒಂದೇ ಚೀಲಕ್ಕೆ ಹಾಕಿಬಿಡುತ್ತೇವೆ. ಬಿಡಿಸಿ ನೋಡೋಣ.

'ಮಂಬಲ್' ಎಂದರೆ ಬಾಯಿ ಸರಿಯಾಗಿ ತೆರೆಯದೆ ಆಡುವ ಮಾತು. ಅದರಲ್ಲಿ ಅರ್ಥವಿರುತ್ತದೆ, ಸ್ಪಷ್ಟವಾಗಿ ಕೇಳಿಸುವುದಿಲ್ಲ ಅಷ್ಟೆ. 'ಮಟರ್' ಅದರ ತಂಗಿ: ತಗ್ಗಿದ ದನಿ, ಹೆಚ್ಚಾಗಿ ಒಳಗೆ ಸಿಟ್ಟು. ಮೆಸ್ಸಿನಲ್ಲಿ ಸಾರು ನೀರಾದಾಗ ನಾವು ಗೊಣಗುತ್ತೇವಲ್ಲ, ಅದೇ.

'ಗ್ಯಾಬಲ್' ವೇಗದ ದೋಷ. ಬಾಯಿಪಾಠ ಮಾಡಿದ್ದನ್ನು ಮರೆತುಹೋಗುವ ಮೊದಲು ಒಪ್ಪಿಸಿಬಿಡುವ ಹುಡುಗನ ರೀತಿ. 'ಜ್ಯಾಬರ್' ಕೂಡ ವೇಗವೇ, ಜೊತೆಗೆ ಉದ್ವೇಗವೂ ಸೇರಿರುತ್ತದೆ. ನಮ್ಮ 'ಬಡಬಡಿಸು' ಇದಕ್ಕೆ ಹತ್ತಿರ. 'ಬ್ಯಾಬಲ್' ಮೊದಲು ಕೂಸಿನದು: ಬಬ್ಬಬ್ಬ, ಮಮ್ಮಮ್ಮ. ದೊಡ್ಡವರಿಗೆ ಅಂದರೆ ಅದು ಹೊಗಳಿಕೆಯಲ್ಲ.

'ರ‍್ಯಾಂಬಲ್' ಬೇರೆ ಥರ. ಒಂದೊಂದು ವಾಕ್ಯವೂ ಸರಿ, ಆದರೆ ವಿಷಯ ಬಿಟ್ಟು ಊರೆಲ್ಲ ಸುತ್ತುತ್ತದೆ. ಪರೀಕ್ಷೆಯಲ್ಲಿ ಪುಟ ತುಂಬಿಸುವ ನಮ್ಮ ವಿದ್ಯೆ ಇದೇ.

ಕೊನೆಗೆ 'ಗಿಬ್ಬರಿಶ್'. ಇದೊಂದೇ ಹೇಳಿದ ಸಂಗತಿಗೇ ಅರ್ಥವಿಲ್ಲ ಎನ್ನುತ್ತದೆ. ಲೂಯಿಸ್ ಕ್ಯಾರಲ್ 1871ರಲ್ಲಿ ಪ್ರಕಟಿಸಿದ 'ಜ್ಯಾಬರ್‌ವಾಕಿ' ಪದ್ಯದ ಎಷ್ಟೋ ಶಬ್ದಗಳು ಅವನೇ ಹುಟ್ಟಿಸಿದವು. ಆದರೂ ವ್ಯಾಕರಣ ಇಂಗ್ಲಿಷಿನದೇ. ಹಾಗಾಗಿ ಏನೋ ನಡೆಯುತ್ತಿದೆ ಅಂತ ಓದುಗನಿಗೆ ತಿಳಿಯುತ್ತದೆ. ಶುದ್ಧ ಗಿಬ್ಬರಿಶ್‌ನಲ್ಲಿ ಅಷ್ಟೂ ತಿಳಿಯುವುದಿಲ್ಲ.

ಇನ್ನೊಂದು ಶಬ್ದ 'ಸ್ಲರ್': ಅಕ್ಷರಗಳು ಒಂದಕ್ಕೊಂದು ಅಂಟಿ ಎಳೆಯುವುದು. ಇದನ್ನು ಕುಡಿದವರಿಗೆ ಮಾತ್ರ ಮೀಸಲಿಡಬೇಡಿ. ಮನೆಯಲ್ಲಿ ಯಾರಿಗಾದರೂ ಮಾತು ಹಠಾತ್ತನೆ ಹೀಗಾದರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು. ನಗದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಆದ್ದರಿಂದ ಯಾರಾದರೂ ಇಂಥ ಮಾತು ಅಂದರೆ ಮೊದಲು ಕೇಳಿಕೊಳ್ಳಿ: ದೂರು ಇರುವುದು ದನಿಯ ಮೇಲೋ, ವೇಗದ ಮೇಲೋ, ಅರ್ಥದ ಮೇಲೋ? ಕನ್ನಡ ಶಾಲೆಯಿಂದ ಬಂದ ನಾವು ಎಲ್ಲವನ್ನೂ ನಮ್ಮ ಬುದ್ಧಿಯ ಮೇಲೇ ಹಾಕಿಕೊಳ್ಳುತ್ತೇವೆ. 'ಮಂಬಲ್' ಅಂದರೆ ಬಾಯಿ ತೆರೆಯಬೇಕು. ನಾನು ಮುಚ್ಚಿದೆ. ನೀವು ಮುಚ್ಚಬೇಡಿ.