ಇಳಿವಯಸ್ಸು ಮತ್ತು ಚರ್ಮದ ಕ್ಯಾನ್ಸರ್

ವಯಸ್ಸಾದಂತೆ ಚರ್ಮ ಸುಕ್ಕುಗಟ್ಟುವುದು, ಅಲ್ಲಲ್ಲಿ ಕಪ್ಪು ಕಲೆಗಳು ಮೂಡುವುದು ಸಹಜ. ಆದ್ದರಿಂದಲೇ ಮನೆಯ ಹಿರಿಯರ ಮೈಮೇಲೆ ಹೊಸದೊಂದು ಮಚ್ಚೆ ಕಂಡರೆ ‘ವಯಸ್ಸಾಯಿತಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ಅಂತಹ ಕಲೆಗಳಲ್ಲಿ ಬಹುಪಾಲು ನಿರಪಾಯಕಾರಿಯೇ ಹೌದು. ಆದರೆ ಅಪರೂಪಕ್ಕೊಮ್ಮೆ ಅದು ಮೆಲನೋಮ ಎಂಬ ಉಗ್ರಸ್ವರೂಪದ ಚರ್ಮದ ಕ್ಯಾನ್ಸರ್ ಆಗಿರಬಹುದು. ಈ ರೋಗ ಶರೀರದಲ್ಲಿ ಹರಡುವ ಬಗೆಯನ್ನು ರೋಗಿಯ ವಯಸ್ಸು ಬದಲಿಸುತ್ತದೆ ಎಂಬುದನ್ನು ವಿಜ್ಞಾನಿಗಳು ಈಚೆಗೆ ಕಂಡುಕೊಂಡಿದ್ದಾರೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳು ಹತೋಟಿ ಮೀರಿ ಬೆಳೆದಾಗ ಮೆಲನೋಮ ಉಂಟಾಗುತ್ತದೆ. ಬಿಳಿಯ ಮೈಬಣ್ಣದವರಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳು ಇದಕ್ಕೆ ಮುಖ್ಯ ಕಾರಣ. ಭಾರತೀಯರಲ್ಲಿ ಈ ರೋಗ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಂತಹ ಬಿಸಿಲು ಹೆಚ್ಚು ತಾಗದ ಜಾಗಗಳಲ್ಲೂ ಕಾಣಿಸಿಕೊಳ್ಳುವುದುಂಟು. ಮೇಲ್ಪದರದಲ್ಲಿರುವಾಗಲೇ ಕತ್ತರಿಸಿ ತೆಗೆದರೆ ಬಹುತೇಕ ಗುಣವಾಗುತ್ತದೆ. ಆಳಕ್ಕಿಳಿದರೆ ದುಗ್ಧರಸ ಗ್ರಂಥಿ, ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೆ ಹರಡುತ್ತದೆ.

ಇಲ್ಲೊಂದು ಒಗಟು ವೈದ್ಯರನ್ನು ಬಹುಕಾಲ ಕಾಡಿತ್ತು. ಮೆಲನೋಮ ಮೊದಲು ತಲುಪುವ ಸಮೀಪದ ದುಗ್ಧರಸ ಗ್ರಂಥಿಯನ್ನು ಪರೀಕ್ಷಿಸಿದಾಗ ಕ್ಯಾನ್ಸರ್ ಕೋಶಗಳು ಹೆಚ್ಚಾಗಿ ಸಿಗುವುದು ಕಿರಿಯರಲ್ಲಿ, ವೃದ್ಧರಲ್ಲಿ ಕಡಿಮೆ. ಹಾಗಿದ್ದೂ ರೋಗದಿಂದ ಸಾಯುವವರ ಪ್ರಮಾಣ ವೃದ್ಧರಲ್ಲೇ ಹೆಚ್ಚು. ಅವರ ರೋಗನಿರೋಧಕ ಶಕ್ತಿ ಕುಂದಿರುವುದೇ ಕಾರಣವೆಂಬ ಉತ್ತರ ಸಾಕಾಗಲಿಲ್ಲ.

ಅಮೆರಿಕದ ವಿಜ್ಞಾನಿ ಆಶನಿ ವೀರರತ್ನ ಮತ್ತು ಅವರ ಸಂಗಡಿಗರು ಕ್ಯಾನ್ಸರ್ ಕೋಶವನ್ನಷ್ಟೇ ನೋಡದೆ ಅದರ ನೆರೆಹೊರೆಯನ್ನೂ ಪರಿಶೀಲಿಸಿದರು. ಚರ್ಮದ ಒಳಪದರದಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳಿವೆ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಳೆಗಳನ್ನು ನೇಯುವುದು ಅವುಗಳ ಕೆಲಸ. ಅವು ಮುದಿಯಾದಾಗ ಹೊರಸೂಸುವ ದ್ರವ್ಯಗಳೂ ಬದಲಾಗುತ್ತವೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಳೆಯ ಇಲಿಗಳಿಗಿಂತ ವಯಸ್ಸಾದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು. ಆದರೆ ಶ್ವಾಸಕೋಶಕ್ಕೆ ಹೆಚ್ಚಾಗಿ ಹರಡಿತು. ಮುದಿ ಫೈಬ್ರೊಬ್ಲಾಸ್ಟ್‌ಗಳು ಹೆಚ್ಚಾಗಿ ಸ್ರವಿಸುವ ಎಸ್‌ಎಫ್‌ಆರ್‌ಪಿ2 ಎಂಬ ಪ್ರೋಟೀನು ಇದಕ್ಕೆ ಒಂದು ಕಾರಣವೆಂದು ತಿಳಿಯಿತು. ಅಂದರೆ ಗಡ್ಡೆ ಚಿಕ್ಕದಾಗಿದೆ ಎಂದ ಮಾತ್ರಕ್ಕೆ ರೋಗ ಸೌಮ್ಯವೆನ್ನಲಾಗದು.

2019ರ ಸಂಶೋಧನೆಗಳು ಒಗಟನ್ನು ಇನ್ನಷ್ಟು ಬಿಡಿಸಿದವು. ಕೊಲಾಜೆನ್ ಎಳೆಗಳನ್ನು ಹೆಣೆದು ಹಿಡಿಯಲು ನೆರವಾಗುವ ಎಚ್‌ಎಪಿಎಲ್‌ಎನ್1 ಎಂಬ ಪ್ರೋಟೀನು ವಯಸ್ಸಾದಂತೆ ಕಡಿಮೆಯಾಗುತ್ತದೆ. ಆಗ ಚರ್ಮದ ಹೆಣಿಗೆ ಸಡಿಲಗೊಳ್ಳುತ್ತದೆ, ದುಗ್ಧರಸ ನಾಳಗಳು ಸೋರತೊಡಗುತ್ತವೆ. ಗ್ರಂಥಿಯಲ್ಲಿ ತಂಗಬೇಕಿದ್ದ ಕ್ಯಾನ್ಸರ್ ಕೋಶಗಳು ನುಸುಳಿ ದೂರದ ಅಂಗಗಳನ್ನು ಸೇರುತ್ತವೆ. ಹಳೆಯ ಕೆರೆಯ ಏರಿ ಜಿನುಗತೊಡಗಿದರೆ ನೀರು ತೂಬನ್ನು ಕಾಯದೆ ಹರಿದುಹೋಗುವಂತೆ ಇದು. ವೃದ್ಧರ ಗ್ರಂಥಿ ಶುದ್ಧವಾಗಿ ಕಂಡರೂ ರೋಗ ಮುಂದುವರಿದಿರಬಹುದಾದುದು ಹೀಗೆ. 2022ರಲ್ಲಿ ಅದೇ ತಂಡ ಮತ್ತೊಂದು ಸಂಗತಿಯನ್ನು ತೋರಿಸಿತು. ಶ್ವಾಸಕೋಶ ಸೇರಿ ನಿದ್ರಿಸುತ್ತಿರುವ ಮೆಲನೋಮ ಕೋಶಗಳನ್ನು, ಅಲ್ಲಿನ ಮುದಿ ಫೈಬ್ರೊಬ್ಲಾಸ್ಟ್‌ಗಳ ಸ್ರಾವ ಎಚ್ಚರಗೊಳಿಸಿ ಬೆಳೆಯುವಂತೆ ಮಾಡುತ್ತದೆ.

ಇಷ್ಟನ್ನು ಓದಿ ಹಿರಿಯರು ಎದೆಗುಂದಬೇಕಾಗಿಲ್ಲ. ರೋಗನಿರೋಧಕ ಕೋಶಗಳನ್ನು ಕ್ಯಾನ್ಸರಿನ ವಿರುದ್ಧ ಚುರುಕುಗೊಳಿಸುವ ಇಮ್ಯುನೊಥೆರಪಿ ಎಂಬ ಚಿಕಿತ್ಸೆ ಈಗ ಇದೆ. ಈ ಬಗೆಯ ಔಷಧವಾದ ಪೆಂಬ್ರೊಲಿಜುಮ್ಯಾಬ್‌ಗೆ 60 ವರ್ಷ ಮೀರಿದ ರೋಗಿಗಳು ಕಿರಿಯರಿಗಿಂತ ಚೆನ್ನಾಗಿ ಸ್ಪಂದಿಸಿದರೆಂದು 2018ರ ಅಧ್ಯಯನವೊಂದು ವರದಿ ಮಾಡಿದೆ. ಆದುದರಿಂದ ‘ಈ ವಯಸ್ಸಿನಲ್ಲಿ ಚಿಕಿತ್ಸೆ ಏಕೆ’ ಎಂದು ಮನೆಯವರೇ ತೀರ್ಮಾನಿಸುವುದು ತರವಲ್ಲ. ಯಾವ ಚಿಕಿತ್ಸೆ ಹೊಂದುವುದೆಂಬುದನ್ನು ತಜ್ಞವೈದ್ಯರು ರೋಗಿಯ ಒಟ್ಟು ಆರೋಗ್ಯವನ್ನು ನೋಡಿ ನಿರ್ಧರಿಸಲಿ.

ನಾವು ಮಾಡಬೇಕಾದುದು ಸರಳ. ತಿಂಗಳಿಗೊಮ್ಮೆ ಸ್ನಾನದ ಸಮಯದಲ್ಲಿ ಮೈಯನ್ನು, ವಿಶೇಷವಾಗಿ ಅಂಗಾಲು, ಬೆರಳ ಸಂದು ಹಾಗೂ ಉಗುರುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಬಗ್ಗಲಾಗದ, ಕಣ್ಣು ಮಂಜಾದ ಹಿರಿಯರಿಗೆ ಮಕ್ಕಳು, ಸೊಸೆಯಂದಿರು ನೆರವಾಗಬೇಕು. ಈ ಕೆಳಗಿನ ಲಕ್ಷಣಗಳು ಕಂಡರೆ ತಡಮಾಡದೆ ಚರ್ಮವೈದ್ಯರನ್ನು ಕಾಣಬೇಕು:

• ಮಚ್ಚೆಯ ಒಂದು ಅರ್ಧ ಇನ್ನೊಂದು ಅರ್ಧದಂತಿಲ್ಲದಿರುವುದು
• ಅಂಚು ಒಡೆದಂತಿರುವುದು, ಬಣ್ಣ ಒಂದೇ ಸಮನಾಗಿಲ್ಲದಿರುವುದು
• ಅಗಲ 6 ಮಿಲಿಮೀಟರ್ ಮೀರಿರುವುದು
• ಗಾತ್ರ, ಬಣ್ಣ, ಆಕಾರ ಬದಲಾಗುತ್ತಿರುವುದು, ರಕ್ತ ಒಸರುವುದು
• ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ
• ಅಂಗಾಲಿನಲ್ಲಿ ಮಾಯದ ಗಾಯ

ಮಚ್ಚೆಗೆ ಸುಣ್ಣ ಹಚ್ಚಿ ಸುಡುವುದು, ಕೂದಲು ಬಿಗಿದು ಉದುರಿಸುವುದು, ಬ್ಲೇಡಿನಿಂದ ಕೆರೆಯುವುದು ಸಲ್ಲದು. ಇದರಿಂದ ರೋಗ ಮರೆಯಾಗಿ ಪತ್ತೆ ತಡವಾಗುತ್ತದೆ. ಸಂಶಯ ಬಂದಾಗ ಚೂರು ಚರ್ಮವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ರೋಗವನ್ನು ಖಚಿತಪಡಿಸಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಸರ್ಕಾರಿ ಕ್ಯಾನ್ಸರ್ ಸಂಸ್ಥೆಗಳಲ್ಲಿ ತಪಾಸಣೆ, ಚಿಕಿತ್ಸೆಗಳೆರಡೂ ದೊರೆಯುತ್ತವೆ.

ಕಿರಿಯರ ಮೈಮೇಲಿನ ಮಚ್ಚೆಗೆ ನಾವು ಬೇಗನೆ ಗಾಬರಿಯಾಗುತ್ತೇವೆ. ಅಷ್ಟೇ ಕಾಳಜಿ ಅಜ್ಜ, ಅಜ್ಜಿಯರ ಅಂಗಾಲಿಗೂ ಸಲ್ಲಬೇಕು.